ಮುಳ್ಳಯ್ಯನಗಿರಿಯ ಮೇಲೊಂದು ಆಣೆ

ತೋಂಟದಾರ್ಯ ಸರ್ವಮಂಗಳಳನ್ನು ಮೊದಲು ನೋಡಿದ್ದು ಅವಳು ಉಸಿರಿಗೆ ಒದ್ದಾಡುತ್ತಿದ್ದಾಗ. ತಿಪಟೂರಿನಲ್ಲಿ ಅವಳ ತಂದೆ ಮಲ್ಲಿಕಾರ್ಜುನಯ್ಯನವರ ಕೊಬ್ಬರಿ ಮಂಡಿ. ಮನೆ ಅದರ ಹಿಂದೆಯೇ. ಹಂದನಕೆರೆಯಿಂದ ಕೊಬ್ಬರಿ ತಂದಿದ್ದ ಅವನು, ಚೀಲ ಕೊಡವುವಾಗ ಹುಡುಗಿಯೊಬ್ಬಳು ಹಿತ್ತಲಿಗೆ ಓಡಿದ್ದನ್ನು ಕಂಡ. ತನ್ನನ್ನು ನೋಡಿ ನಾಚಿದಳೆಂದು ತಿಳಿದು ನಗುತ್ತಾ ಹಿಂದೆಯೇ ಹೋದ. ಅವಳು ಬಾವಿಕಟ್ಟೆ ಹಿಡಿದು ನಿಂತಿದ್ದಳು. ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು.

ಉಬ್ಬಸ, ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಹೇಳಬೇಡಿ ಎಂದು ಬೇಡಿಕೊಂಡಳು.

"ಹೇಳಲ್ಲ. ಆದ್ರೆ ಲಂಚ ಬೇಕು."

"ಏನು?"

"ಮುಂದಿನ ವಾರ ಬಂದಾಗ ಹಿಂಗೆ ಓಡೋಗ್ಬಾರ್ದು."

ಅವಳು ಓಡಲಿಲ್ಲ. ಅವನ ಚೀಲಗಳು ಅಂದಿನಿಂದ, ಅವಳಿಗೆ ದೂಳು ತಾಗದಂತೆ, ಮನೆಯ ಕಿಟಕಿಗೆ ದೂರವಾಗಿ, ರಸ್ತೆಯ ಕಡೆಗೇ ಇಳಿದವು. ಕೊಬ್ಬರಿ ಗಿಟುಕನ್ನು ಬೆಳಕಿಗೆ ಹಿಡಿದು ನೋಡುವ ನೆಪದಲ್ಲಿ ಅವನು ಕಿಟಕಿಯತ್ತ ಕತ್ತು ತಿರುಗಿಸುತ್ತಿದ್ದ. ಸರಳುಗಳ ಹಿಂದೆ ಅವಳು ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

೧೯೭೯ರ ಶ್ರಾವಣದಲ್ಲಿ ಮದುವೆಯ ಮಾತು ಎದ್ದಿತು. ಅವನ ತಾಯಿ ದ್ರಾಕ್ಷಾಯಣಮ್ಮ ಒಪ್ಪಲೂ ಇಲ್ಲ, ಒಲ್ಲೆನೆನ್ನಲೂ ಇಲ್ಲ. ಅವರ ಮನೆಯ ಅಟ್ಟದ ತುಂಬ ತೆಂಗಿನಕಾಯಿ. ಕೆಳಗಿನ ಒಲೆಯ ಹೊಗೆಯಲ್ಲಿ ವರ್ಷವೆಲ್ಲ ಒಣಗಿ ಕೊಬ್ಬರಿಯಾಗಬೇಕು. ಆ ಹೊಗೆಯಲ್ಲೇ ಹಿರಿಯ ಸೊಸೆ ಕೆಮ್ಮಿ ಕೆಮ್ಮಿ ಸತ್ತಿದ್ದಳು. ಮುಳ್ಳಯ್ಯನಗಿರಿಗೆ ಹರಕೆ ಇದೆ, ಹುಡುಗಿಯೂ ಬರಲಿ ಎಂದು ಅವರು ಹೇಳಿ ಕಳಿಸಿದರು. ಸರ್ವಮಂಗಳಳ ಸೋದರತ್ತೆ ಕಲ್ಲಮ್ಮ ಕಾವಲಿಗೆ ಹೊರಟರು.

ಬಾಡಿಗೆ ಅಂಬಾಸಿಡರ್ ಅರಸೀಕೆರೆ, ಬಾಣಾವರ ದಾಟಿತು. ಮುಂದಿನ ಸೀಟಿನಲ್ಲಿದ್ದ ತೋಂಟದಾರ್ಯ ಕನ್ನಡಿಯನ್ನು ಮೆಲ್ಲಗೆ ತನ್ನತ್ತ ತಿರುಗಿಸಿಕೊಂಡ. ಅದರಲ್ಲಿ ಅವಳ ಕಣ್ಣು ಸಿಕ್ಕವು.

"ಹಿಂದಿನ ಬಸ್ಸು ನಂಗೆ ಕಾಣ್ಬೇಕು ಕಣ್ರೀ," ಎಂದು ಡ್ರೈವರ್ ಕೆಂಚಪ್ಪ ಕನ್ನಡಿ ಸರಿಪಡಿಸಿದ. ಕಲ್ಲಮ್ಮ ಕೆಮ್ಮಿದರು.

ಕಡೂರಿನಾಚೆ ತೆಂಗು ವಿರಳವಾಯಿತು. ಚಿಕ್ಕಮಗಳೂರಿನ ಮೇಲೆ ಕಾಫಿ ತೋಟ, ಆಮೇಲೆ ಮೋಡ. ರಸ್ತೆ ಮುಗಿದಲ್ಲಿ ಮಂಡಿ ನೋವಿನ ಕಲ್ಲಮ್ಮ ಕಾರಿನಲ್ಲೇ ಉಳಿದರು. ಉಳಿದವರು ಬರಿಗಾಲಲ್ಲಿ ಹತ್ತತೊಡಗಿದರು, ದ್ರಾಕ್ಷಾಯಣಮ್ಮ ಎಲ್ಲರಿಗಿಂತ ಮುಂದೆ.

ಕಾಲುದಾರಿಯ ಪಕ್ಕದ ಕಣಿವೆಯಲ್ಲಿ ಶೋಲಾ ಕಾಡು. ಕುಳ್ಳು, ಸೊಟ್ಟ ಮರಗಳು. ಕೊಂಬೆಗಳ ಮೇಲೆಲ್ಲ ಪಾಚಿ. ಮಳೆಯಿಲ್ಲದಿದ್ದರೂ ಎಲೆಗಳು ಹನಿಯುತ್ತಿದ್ದವು. ಅಲ್ಲಿ ಅವನು ತಗ್ಗಿದ ದನಿಯಲ್ಲಿ ನಿಜ ಹೇಳಿದ: ಹರಕೆ ನೆಪ, ಅವ್ವ ನಿನ್ನ ಉಸಿರು ನೋಡಲು ಬಂದಿದ್ದಾಳೆ.

ಅವಳ ಕಾಲು ನಿಂತವು. ಅವನು ಅವಳ ಕೈ ಹಿಡಿದ.

"ಇದೊಂದು ಬೆಟ್ಟ ಹತ್ತಿಬುಡು ಕಣೇ. ಆಮೇಲೆ ಜೀವ ಇರೋಗಂಟ ನಾನೇ ಹೊತ್ಕಂಡು ತಿರುಗ್ತೀನಿ."

ಪ್ರತಿ ತಿರುವಿನಲ್ಲೂ ಅವನ ಕಾಲಿಗೆ ಮುಳ್ಳು ಚುಚ್ಚಿತು. ಅವನು ಕೂತು ಇಲ್ಲದ ಮುಳ್ಳನ್ನು ಕೀಳುತ್ತಿದ್ದ. ಅವಳು ಅಷ್ಟರಲ್ಲಿ ಉಸಿರು ತುಂಬಿಕೊಳ್ಳುತ್ತಿದ್ದಳು. ಇಷ್ಟು ಚೆಂದವಾಗಿ ಯಾರೂ ತನಗಾಗಿ ಸುಳ್ಳಾಡಿರಲಿಲ್ಲ ಎನಿಸಿತು ಅವಳಿಗೆ.

ಬೆಟ್ಟದ ನೆತ್ತಿಯ ಮೇಲೆ ಮೋಡ ತಣ್ಣಗೆ ಅವಳ ಎದೆಗಿಳಿಯಿತು. ಸಿಳ್ಳೆ ಶುರುವಾಯಿತು. ಗುಡಿಯ ಗದ್ದುಗೆಗೆ ಕೈಮುಗಿದಿದ್ದ ದ್ರಾಕ್ಷಾಯಣಮ್ಮ ತಿರುಗಿ, ಹುಡುಗಿಯನ್ನಲ್ಲ, ಮಗನನ್ನು ನೋಡಿದರು.

"ಲಿಂಗ ಮುಟ್ಟಿ ಹೇಳು ಮಗ. ಈ ಹುಡುಗಿಗೆ ಉಬ್ಬಸ ಐತಾ?"

ತೋಂಟದಾರ್ಯನ ಕೈ ಅಂಗಿಯೊಳಗೆ ಹೋಗಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿಯಿತು. ಅದನ್ನು ಹಿಡಿದು ಅವರ ಮನೆಗಳಲ್ಲಿ ಯಾರೂ ಸುಳ್ಳಾಡುವುದಿಲ್ಲ. ಸರ್ವಮಂಗಳ ಅವನ ತುಟಿಗಳನ್ನೇ ನೋಡಿದಳು.

"ನಂಗೇನ್ ಗೊತ್ತವ್ವ," ಎಂದ. "ಇವ್ಳು ಹಿಂಗೆ ಉಸಿರಾಡೋದು ಇವತ್ತೇ ನೋಡ್ತಿರೋದು."

ಅವಳು ಮಾತಿಗೆ ಬೇಕಾದಷ್ಟು ಉಸಿರು ಕೂಡಿಸಿಕೊಂಡಳು.

"ಐತೆ ಕಣಮ್ಮ, ಹುಟ್ಟಿದಾಗಿಂದ. ಇವ್ರಿಗೆ ಮೊದಲ ದಿನದಿಂದ ಗೊತ್ತು."

ದ್ರಾಕ್ಷಾಯಣಮ್ಮ ಕರಡಿಗೆ ಹಿಡಿದೇ ಇದ್ದ ಮಗನ ಮುಷ್ಟಿಯನ್ನು ಬಹಳ ಹೊತ್ತು ನೋಡಿದರು. ತಮ್ಮ ಶಾಲು ತೆಗೆದು ಹುಡುಗಿಗೆ ಹೊದಿಸಿದರು.

"ನಿನ್ನ ಸೊಸೆ ಮಾಡ್ಕಂಡು ನಮ್ಮನೆ ಹೊಗೆಗೆ ಹಾಕಲ್ಲ ತಾಯಿ," ಎಂದರು. ಇಳಿಯುವಾಗ ದಾರಿಯುದ್ದಕ್ಕೂ ಅವರೇ ಅವಳ ಕೈ ಹಿಡಿದಿದ್ದರು.

ಕಡೂರಿನ ಹೋಟೆಲಿನ ಮುಂದೆ ಕಾರು ನಿಂತಿತು. ಹಿರಿಯ ಹೆಂಗಸರಿಬ್ಬರೂ ಒಳಗೆ ಹೋದರು. ತೋಂಟದಾರ್ಯ ಕಾಫಿ ತಂದು ಕಾರಿನ ಕಿಟಕಿಯಲ್ಲಿ ಅವಳಿಗೆ ಕೊಟ್ಟ. ಅವನ ಕಣ್ಣು ಕೆಂಪಾಗಿದ್ದವು.

"ಅವ್ವ ಇನ್ನೊಂದ್ಸಲ ಕೇಳ್ಲಿ. ಉಬ್ಬಸ ಇಲ್ಲ ಅಂತ್ಲೇ ಆಣೆ ಮಾಡ್ತೀನಿ. ಪಾಪ ಬಂದ್ರೆ ಬರ್ಲಿ."

"ನಾನು ಸುಳ್ಳು ಕೇಳಿರ್ಲಿಲ್ಲ," ಎಂದಳು ಸರ್ವಮಂಗಳ. "ಉಬ್ಬಸ ಐತೆ, ಆದ್ರೂ ಇವಳೇ ಬೇಕು ಅಂದಿದ್ರೆ ಸಾಕಿತ್ತು. ಅದು ನಿಮ್ಮ ಬಾಯಿಗೇ ಬರ್ಲಿಲ್ಲವಲ್ಲ ರೀ."

ಬಯಲುಸೀಮೆಯ ಒಣ ಗಾಳಿಯಲ್ಲಿ ಅವಳ ಉಸಿರು ಸರಾಗವಾಗಿತ್ತು. ಕಾಫಿಯನ್ನು ಆತುರವಿಲ್ಲದೆ ಕುಡಿದು ಮುಗಿಸಿದಳು. ಲೋಟಕ್ಕಾಗಿ ಅವನು ಕೈ ಚಾಚಿದ. ಅವಳು ಅದನ್ನು, ಪಕ್ಕದಲ್ಲಿ ಹಾದುಹೋಗುತ್ತಿದ್ದ ಹೋಟೆಲಿನವನನ್ನು ಕರೆದು, ಆತನ ಕೈಗೆ ಕೊಟ್ಟಳು.