ಜಕ್ಕವ್ವೆಯ ಮೇಳ ಮತ್ತು ದನಿಗಳ್ಳ ಮಾಂತ್ರಿಕ

ಬಹಳ ಹಿಂದೆ, ಬೆಟ್ಟಗಳು ಆಗಾಗ ಜಾಗ ಬದಲಿಸುತ್ತಿದ್ದ ಕಾಲದಲ್ಲಿ, ಮಂಜುಳಾವತಿ ಎಂಬ ರಾಜ್ಯವಿತ್ತು. ಅಲ್ಲಿ ಜಕ್ಕವ್ವೆ ಎಂಬ ಹೆಂಗಸು ಒಂದು ಹಾಡುವ ಮೇಳ ನಡೆಸುತ್ತಿದ್ದಳು. ಮೇಳದವರು ಯಾರೂ ಸಂಗೀತ ಕಲಿತವರಲ್ಲ. ಕುಂಬಾರರು, ಹೂವಾಡಗಿತ್ತಿಯರು, ಅರಮನೆಯ ಬಾಗಿಲು ಕಾಯುವವರು, ಗುರುಕುಲದ ಹುಡುಗಿಯರು. ದಿನದ ಕೆಲಸ ಮುಗಿಸಿ ಸಂಜೆ ಕೆರೆಯ ಮಂಟಪದಲ್ಲಿ ಸೇರುತ್ತಿದ್ದರು. ಸೇರುತ್ತಿದ್ದರು ಎನ್ನುವುದಕ್ಕಿಂತ, ಮನಸ್ಸು ಬಂದಾಗ ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದರು ಎನ್ನಬೇಕು.

ಕುಂಬಾರ ಮಾಚಯ್ಯನದು ಗುಡುಗಿನಂಥ ಗಂಟಲು. ಜೋಗುಳವನ್ನೂ ಯುದ್ಧಕ್ಕೆ ಹೊರಟವನಂತೆ ಹಾಡುತ್ತಿದ್ದ. ಹೂವಾಡಗಿತ್ತಿ ಹೊನ್ನಲೆಯದು ಜೇನಿನಂಥ ಕಂಠ; ಆದರೆ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವಳಲ್ಲ. ಬಾಗಿಲು ಕಾಯುವ ತಿಪ್ಪರಸ ಕಣ್ಣು ಮುಚ್ಚಿಕೊಂಡು, ತಾಳ ಬಿಟ್ಟು, ಎಲ್ಲರಿಗಿಂತ ಮುಂದೆ ಓಡುತ್ತಿದ್ದ.

"ತಿಪ್ಪರಸ, ಕಣ್ಣು ತೆರೆ! ನಾನಿಲ್ಲಿ ನೊಣ ಓಡಿಸುತ್ತಿಲ್ಲ, ತಾಳ ತೋರಿಸುತ್ತಿದ್ದೇನೆ."

"ಕಣ್ಣು ತೆರೆದರೆ ಭಾವ ಬರೋದಿಲ್ಲ ಜಕ್ಕವ್ವೆ."

ಜಕ್ಕವ್ವೆ ಮನೆಗೆ ಬಂದು ಜಗಲಿಯ ಮೇಲೆ ಕುಸಿದು ಕೂರುತ್ತಿದ್ದಳು. "ಸಾಕಾಯಿತು. ನಾಳೆಯಿಂದ ಆ ಮಂಟಪದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ" ಎನ್ನುತ್ತಿದ್ದಳು. ಅವಳ ಗಂಡ ಬೊಮ್ಮರಸ ಆಸ್ಥಾನದ ಗಾಯಕ. ಅವನು ನಕ್ಕು, ಅವಳಿಗೆ ಬಿಸಿನೀರು ಕಾಸಿ ಕೊಟ್ಟು, ತಾನೇ ಒಂದು ಹಾಡು ಹೇಳುತ್ತಿದ್ದ. ಮರುದಿನ ಸಂಜೆ ಜಕ್ಕವ್ವೆ ಮತ್ತೆ ಮಂಟಪದಲ್ಲಿರುತ್ತಿದ್ದಳು.

ಹೀಗಿರುವಾಗ ಕಾಡಿಗೆಬೆಟ್ಟದ ಮೇಲೆ ದುರ್ಜಟನೆಂಬ ಮಾಂತ್ರಿಕ ಬಂದು ನೆಲೆಸಿದ. ಅವನಿಗೆ ಸ್ವಂತ ದನಿ ಇರಲಿಲ್ಲ. ಬೆಟ್ಟದ ಮೇಲೆ ಕುಳಿತೇ ಕಿರುಬೆರಳನ್ನು ಕೊಕ್ಕೆಯಂತೆ ಬಗ್ಗಿಸಿ, ಒಂಟಿಯಾಗಿ ಹಾಡುವವರ ದನಿಯನ್ನು ಎಳೆದು ಮಡಕೆಯಲ್ಲಿ ತುಂಬಿಡುತ್ತಿದ್ದ. ಆ ದನಿಗಳಿಂದಲೇ ಮಂತ್ರ ಹೇಳುತ್ತಿದ್ದ. ಮೊದಲು ಆಸ್ಥಾನದ ಗಾಯಕರ ದನಿ ಹೋಯಿತು. ಆಮೇಲೆ ಡಂಗುರದವರದು. ಆಮೇಲೆ ತೊಟ್ಟಿಲು ತೂಗುವ ತಾಯಂದಿರದು.

ಬೊಮ್ಮರಸ ಬೆಳಗಿನ ರಾಗಕ್ಕೆ ಬಾಯಿ ತೆರೆದ. ಏನೂ ಬರಲಿಲ್ಲ. ಹೆಂಡತಿಯ ಹೆಸರನ್ನು ಕರೆಯಲು ನೋಡಿದ. ಅದೂ ಬರಲಿಲ್ಲ. ಅವನು ತಂಬೂರಿಯನ್ನು ಗೋಡೆಗೆ ತಿರುಗಿಸಿಟ್ಟು ಮೂಲೆಯಲ್ಲಿ ಕುಳಿತುಬಿಟ್ಟ.

ರಾಜ ಕುಮುದಸೇನ ಸಭೆ ಕರೆದ. ಮುದಿ ಮಂತ್ರಿ ಎದ್ದು ಹೇಳಿದ: "ಪ್ರಭು, ಒಂಟಿ ದನಿ ಮಾತ್ರ ಅವನ ಕೊಕ್ಕೆಗೆ ಸಿಗುತ್ತದೆ. ಒಂದರೊಳಗೊಂದು ಬೆರೆತ ದನಿಗಳನ್ನು ಅವನು ಹಿಡಿಯಲಾರ. ಅಂಥ ಹಾಡು ಕೇಳಿದರೆ ಅವನ ಮಡಕೆಗಳೇ ಒಡೆಯುತ್ತವೆ."

"ಒಟ್ಟಾಗಿ ಹಾಡುವವರು ನಮ್ಮಲ್ಲಿ ಯಾರಿದ್ದಾರೆ?"

ಎಲ್ಲರೂ ಸಭೆಯ ಹಿಂದೆ ನಿಂತಿದ್ದ ಜಕ್ಕವ್ವೆಯ ಕಡೆ ತಿರುಗಿದರು.

"ಪ್ರಭು," ಎಂದಳು ಜಕ್ಕವ್ವೆ, "ನನ್ನ ಮೇಳ ಒಟ್ಟಾಗಿ ಹಾಡಿದ್ದನ್ನು ನಾನೇ ಇನ್ನೂ ಕೇಳಿಲ್ಲ."

ಆದರೂ ಮೇಳ ಹೊರಟಿತು. ಕೋಟೆಯ ಬಾಗಿಲು ದಾಟಿ ಬಹುದೂರ ಹೋದ ಮೇಲೆ ಹೊನ್ನಲೆ ಏದುಸಿರು ಬಿಡುತ್ತ ಓಡಿ ಬಂದಳು.

ಬೆಟ್ಟದ ಬುಡದಲ್ಲಿ ಒಂದು ಕಲ್ಲಿನ ಸಿಂಹ ದಾರಿಗೆ ಅಡ್ಡ ಮಲಗಿತ್ತು. ಮೆಲ್ಲಗೆ ಹಾಡಿದರೆ ಅದು ಗೊರಕೆ ಹೊಡೆಯುತ್ತ ಪಕ್ಕಕ್ಕೆ ಹೊರಳುತ್ತಿತ್ತು. ಗಟ್ಟಿಯಾಗಿ ಹಾಡಿದರೆ ಏಳುತ್ತಿತ್ತು. "ಮಾಚಯ್ಯ, ಮೆಲ್ಲಗೆ" ಎಂದಳು ಜಕ್ಕವ್ವೆ. "ಮೆಲ್ಲಗೇ ಹಾಡ್ತೀನಿ ಬಿಡಿ" ಎಂದು ಮಾಚಯ್ಯ ಎಲ್ಲರ ಜೊತೆ ಬಾಯಿ ತೆರೆದ. ಸಿಂಹ ಒಂದು ಕಣ್ಣು ತೆರೆದು, ಪಂಜ ಚಾಚಿ, ಅವನ ರುಮಾಲನ್ನು ಕಿತ್ತು ನುಂಗಿತು.

"ಇದು ಮೆಲ್ಲಗೆಯೇ?" ಜಕ್ಕವ್ವೆ ಹಣೆ ಹಣೆ ಬಡಿದುಕೊಂಡಳು. "ನಿನ್ನ ಪಕ್ಕದಲ್ಲಿರುವ ಹುಡುಗಿಯ ಹಾಡು ನಿನಗೆ ಕೇಳಿಸಬೇಕು. ಅಷ್ಟೇ ಮೆಲ್ಲಗೆ!"

ಮಾಚಯ್ಯ ಬೋಳು ತಲೆ ಸವರಿಕೊಂಡು ಪಕ್ಕದ ಹುಡುಗಿಯ ಕಡೆ ಕಿವಿಯಿಟ್ಟ. ಸಿಂಹ ಆಕಳಿಸಿ ಹೊರಳಿತು. ದಾರಿ ಬಿಟ್ಟಿತು.

ನಡುಬೆಟ್ಟದಲ್ಲಿ ಒಂದು ಮಂಜಿನ ಕೊಳ. ಅದರ ಮೇಲೊಂದು ಸೇತುವೆ. ಹಾಡು ನಡೆಯುವವರೆಗೆ ಸೇತುವೆ ಇರುತ್ತಿತ್ತು, ಹಾಡು ನಿಂತರೆ ಮಾಯವಾಗುತ್ತಿತ್ತು. "ಎಲ್ಲರೂ ಒಂದೇ ಸಲ ಉಸಿರು ಎಳೆಯಬೇಡಿ. ಒಬ್ಬರು ಎಳೆಯುವಾಗ ಇನ್ನೊಬ್ಬರು ಹಾಡಿ" ಎಂದು ಜಕ್ಕವ್ವೆ ಬಿಡಿಸಿ ಬಿಡಿಸಿ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಮೊದಲ ಸಾಲು ಮುಗಿದದ್ದೇ ಎಲ್ಲರೂ ಒಟ್ಟಿಗೆ ಉಸಿರು ಎಳೆದರು. ಮೇಳವೆಲ್ಲ ನೀರಿಗೆ ಬಿತ್ತು.

ಜಕ್ಕವ್ವೆ ಕೂದಲು ಹಿಂಡುತ್ತ ದಡಕ್ಕೆ ಬಂದಳು. "ಜೀವಮಾನದಲ್ಲಿ ಒಂದೇ ಸಲ ಒಗ್ಗಟ್ಟು ತೋರಿಸಿದಿರಿ, ಅದೂ ಮುಳುಗುವುದಕ್ಕೆ!"

ಹೊನ್ನಲೆ ಕಿಸಕ್ಕೆಂದಳು. ಜಕ್ಕವ್ವೆ ಮಾತ್ರ ನಗಲಿಲ್ಲ. ಮತ್ತೆ ಹಾಡಿದರು, ಮತ್ತೆ ಬಿದ್ದರು. ಕೊನೆಗೆ ಹೊನ್ನಲೆ ಉಸಿರು ಎಳೆದಾಗ ತಿಪ್ಪರಸ ಹಾಡಿದ, ತಿಪ್ಪರಸ ಎಳೆದಾಗ ಮಾಚಯ್ಯ ಹಾಡಿದ, ಹೇಗೋ ಆಚೆ ದಡ ಮುಟ್ಟಿದರು.

ಬೆಟ್ಟದ ತುದಿಯಲ್ಲಿ ದುರ್ಜಟನ ಅಂಗಳ. ಅಂಗಳದ ತುಂಬ ಮುಚ್ಚಳ ಬಿಗಿದ ಮಡಕೆಗಳು.

"ಬಾ ಜಕ್ಕವ್ವೆ" ಎಂದ ಮಾಂತ್ರಿಕ. ಆ ದನಿ ಬೊಮ್ಮರಸನದು.

"ಎಷ್ಟು ವರ್ಷ ಈ ಮಂದೆಯನ್ನು ಕಾಯುತ್ತೀಯೆ? ಕೈ ಎತ್ತು, ನೋಡು."

ಅವಳಿಗೇ ತಿಳಿಯದಂತೆ ಕೈ ಮೇಲೆದ್ದಿತು. ಮಡಕೆಗಳು ಹಾಡತೊಡಗಿದವು. ಕೈ ಇಳಿದಂತೆ ಇಳಿದವು, ಏರಿದಂತೆ ಏರಿದವು. ಯಾರೂ ಮುಂದೆ ಓಡಲಿಲ್ಲ, ಯಾರೂ ಕೂಗಲಿಲ್ಲ. ಅವಳು ಕನಸಿನಲ್ಲಿ ಮಾತ್ರ ಕೇಳಿದ್ದ ಹಾಡು ಅದು. ಕಣ್ಣು ತುಂಬಿತು.

"ಈ ಮೇಳ ನಿನ್ನದು. ಬದಲಿಗೆ ನಿನ್ನ ಹಿಂದೆ ನಿಂತವರನ್ನು ನನಗೆ ಕೊಡು" ಎಂದ ದುರ್ಜಟ.

ಅವಳ ಹಿಂದೆ ಮಾಚಯ್ಯ ಮೆಲ್ಲಗೆ ಹೇಳಿದ: "ಚೆನ್ನಾಗಿದೆ ಜಕ್ಕವ್ವೆ. ನಮ್ಮಿಂದ ಇಂಥದ್ದು ಯಾವತ್ತೂ ಆಗಲಾರದು."

ಜಕ್ಕವ್ವೆ ತಿರುಗಿ ನೋಡಿದಳು. ಎಲ್ಲರೂ ತೊಯ್ದು ತೊಪ್ಪೆಯಾಗಿದ್ದರು. ಹೊನ್ನಲೆಯ ಮೊಣಕಾಲು ತರಚಿತ್ತು. ಹುಡುಗಿಯರು ಚಳಿಗೆ ನಡುಗುತ್ತಿದ್ದರು. ಆದರೆ ಒಬ್ಬರೂ ಹಿಂದೆ ಹೋಗಿರಲಿಲ್ಲ.

ಅವಳಿಗೆ ಅಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. "ಮಡಕೆಯಲ್ಲಿ ಮುಚ್ಚಿಟ್ಟವರು ತಡವಾಗಿ ಬರುವುದಾದರೂ ಹೇಗೆ?" ಎಂದಳು ಮಾಂತ್ರಿಕನಿಗೆ. "ಹೇಳಿದಂತೆ ಕೇಳದೆ ಅವರಿಗೆ ಬೇರೆ ದಾರಿಯಿಲ್ಲ. ಇವರು ನನ್ನ ಬೈಗುಳ ತಿಂದುಕೊಂಡು ತಾವಾಗಿ ಬೆಟ್ಟ ಹತ್ತಿದ್ದಾರೆ. ಇವರನ್ನು ನಾನು ಬೈಯಬಹುದು. ನೀನು ಮಂದೆ ಅನ್ನಬೇಡ."

ಅವನಿಗೆ ಬೆನ್ನು ಹಾಕಿ ನಿಂತಳು. "ಕಣ್ಣು ನನ್ನ ಮೇಲೆ."

ತಿಪ್ಪರಸ ಕಣ್ಣು ತೆರೆದ.

ಊರ ತಾಯಂದಿರ ಜೋಗುಳವನ್ನೇ ಎತ್ತಿಕೊಂಡರು. ದುರ್ಜಟನ ಕೊಕ್ಕೆಬೆರಳು ಗಾಳಿಯಲ್ಲಿ ತಡಕಾಡಿತು. ಹೊನ್ನಲೆಯ ದನಿಗೆ ಕೈ ಹಾಕಿದರೆ ಅಲ್ಲಿ ಮಾಚಯ್ಯನಿದ್ದ. ಮಾಚಯ್ಯನಿಗೆ ಕೈ ಹಾಕಿದರೆ ಹುಡುಗಿಯರಿದ್ದರು. ಎರಡನೆಯ ಸಾಲಿನಲ್ಲಿ ಹುಡುಗಿಯರ ಶ್ರುತಿ ಚೂರು ಇಳಿಯಿತು. ಅಯ್ಯೋ, ಕೆಟ್ಟಿತು ಎಂದುಕೊಂಡಳು ಜಕ್ಕವ್ವೆ. ಆದರೆ ಅವರನ್ನು ಬಿಟ್ಟುಕೊಡದೆ ಮಾಚಯ್ಯ ಇಳಿದ, ಹೊನ್ನಲೆ ಇಳಿದಳು, ತಿಪ್ಪರಸನೂ ಇಳಿದ. ಮೇಳಕ್ಕೆ ಮೇಳವೇ ಒಟ್ಟಿಗೆ ಶ್ರುತಿ ಇಳಿದು, ಅಲ್ಲೇ ನೆಲೆ ನಿಂತು ಹಾಡಿತು.

ಮೊದಲ ಮಡಕೆ ಠಳ್ಳೆಂದು ಬಿರಿಯಿತು. ಆಮೇಲೆ ಸಾಲುಸಾಲಾಗಿ ಒಡೆದವು. ದನಿಗಳು ಗಿಳಿವಿಂಡಿನಂತೆ ಊರಿನ ಕಡೆ ಹಾರಿದವು. ದುರ್ಜಟ ಬಾಯಿ ಅಲುಗಿಸಿದ, ಮಂತ್ರ ಹೊರಡಲಿಲ್ಲ. ಅವನ ಮೈ ಹೊಗೆಯಾಗಿ ಚದುರಿಹೋಯಿತು.

ಜಕ್ಕವ್ವೆ ಮನೆ ಸೇರಿದಾಗ ಬೊಮ್ಮರಸ ಹೊಸ್ತಿಲಲ್ಲಿ ನಿಂತು "ಜಕ್ಕವ್ವೆ" ಎಂದು ಕರೆದ. ಅವಳು ಅಲ್ಲೇ ಕುಳಿತು ಅತ್ತಳು.

ರಾಜ ಮೇಳವನ್ನು ಆನೆಯ ಮೇಲೆ ಮೆರೆಸಿದ. ಮರುದಿನ ಸಂಜೆ ಬೊಮ್ಮರಸನೂ ಮಂಟಪಕ್ಕೆ ಬಂದು, ಹಿಂದಿನ ಸಾಲಿನಲ್ಲಿ ನಿಂತು, ಮೊದಲ ಸಾಲಿಗೇ ಉದ್ದನೆಯ ಆಲಾಪ ಎತ್ತಿದ. ಜಕ್ಕವ್ವೆ ಕೈ ತಟ್ಟಿ ನಿಲ್ಲಿಸಿದಳು.

"ಪಕ್ಕದವರ ಹಾಡು ಕೇಳಿಸಿತೇ ನಿಮಗೆ?"

"ಇಲ್ಲವಲ್ಲ" ಎಂದ ಆಸ್ಥಾನ ಗಾಯಕ.

"ಅಯ್ಯೋ ದೇವರೇ!" ಎಂದಳು ಜಕ್ಕವ್ವೆ. "ಎಲ್ಲರೂ ಮೊದಲಿಂದ."

ಹೀಗೆ ಮಂಜುಳಾವತಿಯ ಜನ ಬಹುಕಾಲ ಸುಖವಾಗಿ, ಚೂರು ಶ್ರುತಿ ತಪ್ಪಿಯೇ, ಒಟ್ಟಿಗೆ ಹಾಡಿಕೊಂಡು ಬಾಳಿದರು.