ಬಾಣದವರು

ಅವಳು ಪರದೆಯ ಮೇಲಿನ ಫೋಟೊದಲ್ಲಿ ಮದುಮಗಳ ಹಣೆಯ ಮೇಲೆ ಹಾರಿ ಬಿದ್ದಿದ್ದ ಒಂದೆಳೆ ಕೂದಲನ್ನು ಅಳಿಸಿ, ಮದುಮಗನ ಕಾಲರಿನ ಕಲೆಗೆ ಕೈ ಹಚ್ಚಿದ್ದಳು. ಅಷ್ಟರಲ್ಲಿ ಸ್ಟುಡಿಯೋದಿಂದ ಮೆಸೇಜು: ತಿದ್ದಿದಷ್ಟು ಫೋಟೊ ಈಗಲೇ ಕಳಿಸಿ, ಇನ್ನೊಂದು ಸಲ ತಡವಾದರೆ ಬೇರೆಯವರಿಗೆ ಕೊಡುತ್ತೇವೆ.

ಸ್ಟುಡಿಯೋದ ಪೇಜು ತೆರೆಯಲು ಹೋದಳು. ತೆರೆದುಕೊಂಡದ್ದು ಗಿರಗಿರ ತಿರುಗುವ ಚಕ್ರ. ‘ಅಭಿನಂದನೆಗಳು! ನೀವು ಕಾರು ಗೆದ್ದಿದ್ದೀರಿ!’

“ಮತ್ತೆ ಕಾರು ಬಂತಾ?” ಕಿಟಕಿಯ ಬಳಿ ಬಟ್ಟೆ ಮಡಿಸುತ್ತಿದ್ದ ಅತ್ತೆ ಕೇಳಿದರು. “ಈ ಸಲ ಯಾವ ಬಣ್ಣದ್ದು?”

“ಕೆಂಪು.”

“ಹೋದ ಸಲದ್ದೇ ಲಕ್ಷಣವಾಗಿತ್ತು. ಬಾಣದವರಿಗೆ ಫೋನ್ ಮಾಡು.”

ಬಾಣದವರು ಅಂದರೆ ಸ್ಟುಡಿಯೋ ಗೊತ್ತುಮಾಡಿಕೊಟ್ಟ ಕಂಪ್ಯೂಟರ್ ರಿಪೇರಿಯವರು. ಮನೆಗೆ ಒಮ್ಮೆಯೂ ಬಂದವರಲ್ಲ. ತಮ್ಮ ಅಂಗಡಿಯಲ್ಲೇ ಕೂತು, ಇವಳು ಒಪ್ಪಿಗೆ ಒತ್ತಿದ ಕೂಡಲೇ ಇವಳ ಪರದೆಯ ಮೇಲೆ ಬಾಣದ ಗುರುತಾಗಿ ಓಡಾಡುತ್ತಿದ್ದರು, ಮಾತು ಫೋನಿನಲ್ಲಿ. ಹೆಸರಿಟ್ಟದ್ದು ಅತ್ತೆ. ಇವಳಿಗೂ ಬಾಯಲ್ಲಿ ‘ಅವರು’. ಮನಸ್ಸಿನಲ್ಲಿ ಯಾವಾಗಲೋ ‘ಅವನು’ ಆಗಿಬಿಟ್ಟಿದ್ದ.

ಬ್ರೌಸರ್ ನೆಟ್ಟಗಿದ್ದ ದಿನಗಳಲ್ಲಿ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಆ ರೂಮಿನಿಂದ ಈ ರೂಮಿಗೆ ಅಲೆಯುತ್ತಿದ್ದಳು. ಕೆಟ್ಟರೆ ಕೆಲಸಕ್ಕೆ ಕುತ್ತು, ಕೆಡದಿದ್ದರೆ ಮನಸ್ಸಿಗೆ.

“ಏನ್ರೀ, ಮತ್ತೆ ಕಾರಾ?” ಮೊದಲ ರಿಂಗಿಗೇ ಎತ್ತಿಕೊಂಡಿದ್ದ.

“ಹೂಂ. ನಿಲ್ಲಿಸೋಕೆ ಜಾಗ ಇಲ್ಲ, ಒಂದು ನೀವೇ ಇಟ್ಕೊಳ್ಳಿ.”

ಅವನು ನಕ್ಕ. ಬಾಣ ಬಂತು. ತಿರುಗುವ ಚಕ್ರದ ಸುತ್ತ ಒಂದು ಸುತ್ತು ಹಾಕಿತು. ಅದು ಅವನು ಬಂದೆ ಎನ್ನುವ ರೀತಿ. ಅವಳು ಮೌಸನ್ನು ತುಸು ಜರುಗಿಸಿದಳು. ಬಾಣ ಅತ್ತ ವಾಲಿ, ಇತ್ತ ಜಗ್ಗಿ, ನಡುವೆ ನಡುಗಿತು.

“ಬಿಡ್ರೀ, ಎಳೀತಿದ್ದೀರ.”

“ನಾನೆಲ್ಲಿ ಎಳೆದೆ? ನಿಮ್ಮ ಕೈಯೇ ಜೋರು.”

ಕೈ ಸಡಿಲಿಸಿದಳು, ತೆಗೆಯಲಿಲ್ಲ. ಅಂಗೈ ಕೆಳಗಿನ ಮೌಸು ಕದಲದಿದ್ದರೂ ಬಾಣ ಕದಲುತ್ತಿತ್ತು. ಕತ್ತಿನ ಹಿಂದೆ ಬಿಸಿಯೇರಿತು. ಅತ್ತೆ ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದದ್ದು ಒಳ್ಳೆಯದೇ ಆಯಿತು.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ,” ಅಂದಳು. “ಪ್ರತಿ ಸಲ ಸರಿಹೋಯ್ತು ಅಂತೀರ. ಮತ್ತೆ ಬರುತ್ತೆ. ನಿಮಗೆ ಕೆಲಸ ಬರಲ್ವೋ, ಬೇಕು ಅಂತಲೇ ಬಿಡ್ತಿದ್ದೀರೋ?”

ಬಾಣ ನಿಂತಿತು.

“ಬೇಕು ಅಂತಲೇ.”

ಎದೆಯಲ್ಲಿ ಏನೋ ಹಾರಿತು. ಅದರ ಬೆನ್ನಿಗೇ ಸಿಟ್ಟು. “ನನ್ನ ಕೆಲಸ ಹೋಗುತ್ತೆ, ಗೊತ್ತಾ ನಿಮಗೆ?”

“ನೀವು ಅಂದ್ಕೊಂಡ ಕಾರಣಕ್ಕಲ್ಲ. ಅಂದ್ರೆ... ಅದೂ ಸ್ವಲ್ಪ ಇರಬಹುದು.”

ಬಾಣ ನಿಧಾನವಾಗಿ ಪರದೆಯ ಮೇಲಿನ ಮೂಲೆಗೆ ಸರಿದು, ಅಲ್ಲಿದ್ದ ಪುಟ್ಟ ದುಂಡು ಫೋಟೊದ ಪಕ್ಕದಲ್ಲಿ, ಅದನ್ನು ಮುಟ್ಟದೆ ನಿಂತುಕೊಂಡಿತು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಗಂಡ. ಅವರು ತೀರಿಕೊಂಡ ಮೇಲೂ ಆ ಮೂಲೆಯಲ್ಲಿ ಹಾಗೇ ಕೂತಿದ್ದರು.

“ಈ ಬ್ರೌಸರ್ ಇನ್ನೂ ಅವರ ಅಕೌಂಟ್‌ನಲ್ಲೇ ನಡೀತಿದೆ. ನೀವು ಕೆಲಸಕ್ಕೆ ಅಂತ ಇಳಿಸ್ಕೊಂಡ ಫೋಟೊ ಫ್ರೇಮ್‌ಗಳ ಜೊತೆ ಒಂದು ಎಕ್ಸ್‌ಟೆನ್ಷನ್ ಬಂದಿದೆ, ಈ ಕಾರು ತೋರಿಸೋ ಪುಟ್ಟ ಪ್ರೋಗ್ರಾಮು. ಅದು ಆ ಅಕೌಂಟ್‌ಗೂ ಹೋಗಿ ಸೇರ್ಕೊಂಡಿದೆ. ನಾನು ಇಲ್ಲಿ ಕಿತ್ತರೆ ಅಲ್ಲಿಂದ ವಾಪಸ್ ಇಳಿಯುತ್ತೆ. ಅವರನ್ನ ಸೈನ್ ಔಟ್ ಮಾಡಿ ಅಂತ ಹೇಗೆ ಹೇಳ್ಲಿ? ಬಾಣ ಆ ಫೋಟೊ ಹತ್ತಿರ ಹೋದಾಗಲೆಲ್ಲ ನೀವು ಮಾತು ನಿಲ್ಲಿಸಿಬಿಡ್ತಿದ್ರಿ.”

ತನ್ನ ಮೌನ ಅಷ್ಟು ದೂರ ಕೇಳಿಸುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ಅವರದೆಲ್ಲ ಅಳಿಸಿಹೋಗುತ್ತಾ?”

“ಇಲ್ಲ. ಅಕೌಂಟ್‌ನಲ್ಲೇ ಇರುತ್ತೆ. ನೋಡಬೇಕು ಅನ್ನಿಸಿದಾಗ ನೋಡಬಹುದು. ಆದ್ರೆ ಒತ್ತೋದು ನೀವೇ. ನಾನು ಕೈ ಹಾಕಲ್ಲ.”

ಅವನು ಪರದೆಯಿಂದ ಹೊರಗೆ ಹೋದ. ಬಾಣ ಈಗ ಅವಳೊಬ್ಬಳದು. ಫೋನಿನಲ್ಲಿ ಅವನ ಉಸಿರಿತ್ತು. ಅವಸರ ಮಾಡದ ಉಸಿರು.

ಬಾಣವನ್ನು ಮೇಲಕ್ಕೆ ಒಯ್ದಳು, ಹಿಂದೆ ತಂದಳು. ಎದ್ದು ನಿಂತಳು, ಕುರ್ಚಿ ಸರಿಮಾಡಿ ಮತ್ತೆ ಕೂತಳು. ಒತ್ತಿದಳು.

ದುಂಡು ಫೋಟೊ ಖಾಲಿ ಬೂದು ವೃತ್ತವಾಯಿತು. ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. ಅವನು ಹೇಳಿಕೊಟ್ಟ ಹಾಗೆ ಎಕ್ಸ್‌ಟೆನ್ಷನ್ ಕಿತ್ತು, ತನ್ನ ಹೆಸರಿನಲ್ಲಿ ಹೊಸದಾಗಿ ಸೈನ್ ಇನ್ ಮಾಡಿದಳು. ಸ್ಟುಡಿಯೋದ ಪೇಜು ಅತ್ತಿತ್ತ ನೋಡದೆ ನೇರ ತೆರೆದುಕೊಂಡಿತು. ಫೋಟೊಗಳು ಒಂದರ ಹಿಂದೊಂದು ಹೊರಟವು.

“ಪೇಜು ಬಂತಾ?”

“ಬಂತು.”

“ಹಾಗಾದ್ರೆ ಇನ್ನು ಕಾರು ಬರಲ್ಲ.” ನಗಲು ಹೋದ; ನಗು ಅರ್ಧಕ್ಕೇ ನಿಂತಿತು. “ನಾನೂ. ಇಡ್ತೀನ್ರೀ.”

“ಹೂಂ,” ಎಂದಳು.

ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಪೂರ್ತಿ ಸರಿಹೋಯ್ತಾ?”

“ಪೂರ್ತಿ.”

“ಪಾಪ, ನಗಿಸಿ ಮಾತಾಡೋ ಮನುಷ್ಯ. ಇನ್ನು ನಮಗೂ ಅವರಿಗೂ ಏನು ಕೆಲಸ?”

“ಕೆಲಸ ಏನಿಲ್ಲ ಅತ್ತೆ,” ಎಂದು ಅವಳು ಮುಂದಿನ ಫೋಟೊ ತೆರೆದಳು. ಯಾರದೋ ಗಲ್ಲದ ಮೇಲೆ ಬಿದ್ದ ನೆರಳನ್ನು ಮೆಲ್ಲಗೆ ತಿಳಿಗೊಳಿಸತೊಡಗಿದಳು.

ನಾಳೆ ಬೆಳಿಗ್ಗೆ ಅವನು ಅಂಗಡಿ ತೆರೆಯುವ ಹೊತ್ತಿಗೆ, ಏನೂ ಕೆಟ್ಟಿಲ್ಲದಿದ್ದಾಗ, ಹೇಳಿಕೊಳ್ಳಲು ಒಂದು ದೂರೂ ಇಲ್ಲದೆ, ಫೋನ್ ಮಾಡುವುದು. ಅವನು ‘ಏನಾಯ್ತು?’ ಅಂದರೆ ‘ಏನೂ ಆಗಿಲ್ಲ’ ಅನ್ನುವುದು. ಆಮೇಲಿನದು ಆಮೇಲೆ.