ಕಚೇರಿ ಅಂಗಳದ ಮಾಸ್ತಿಗಲ್ಲು

ಮಧ್ಯಾಹ್ನದ ಡಬ್ಬಿಯನ್ನು ಎಲ್ಲಿ ಕುಳಿತು ಉಣ್ಣಬೇಕು ಎಂಬುದು ಸರ್ಕಾರದ ಬುಡವನ್ನೇ ಅಲುಗಾಡಿಸಬಲ್ಲ ಪ್ರಶ್ನೆ. ಕೂಡ್ಲಿಗಿಗೂ ಕೊಟ್ಟೂರಿಗೂ ನಡುವೆ ಇರುವ ಒಂದು ಕಂದಾಯ ಕಚೇರಿಯಲ್ಲಿ ಇದರ ಬಗ್ಗೆ ಯಾರೂ ಬರೆಯದ, ಎಲ್ಲರೂ ಪಾಲಿಸುವ ಆದೇಶಗಳಿದ್ದವು. ಸಾಹೇಬರು ತಮ್ಮ ಕೋಣೆಯಲ್ಲಿ. ಗುಮಾಸ್ತರು ದಾಖಲೆ ಕೋಣೆಯಲ್ಲಿ, ಒಂದೇ ಮೇಜಿನ ಸುತ್ತ. ಹೊಸದಾಗಿ ಸೇರಿದ, ಹರಪನಹಳ್ಳಿ ಕಡೆಯ ಅರಸೀಕೆರೆಯ ಊರಹೊರಗಿನ ಕೇರಿಯಿಂದ ಬಂದ, ಭೀಮರಾಜ ಮೇಷ್ಟ್ರ ಮಗಳು ಕ್ರಾಂತಿಗೆ ಮಾತ್ರ ಆ ಮೇಜಿನಲ್ಲಿ ಜಾಗ ಉಳಿದಿರಲಿಲ್ಲ. ಯಾಕೆಂದು ಯಾರೂ ಹೇಳಲಿಲ್ಲ. ಅವಳಿಗೂ ಗೊತ್ತಿದ್ದುದರಿಂದ ಕೇಳಲಿಲ್ಲ. ಮೂರನೆಯ ದಿನ ಡಬ್ಬಿ ಹಿಡಿದು ಅಂಗಳಕ್ಕೆ ನಡೆದಳು.

ಅಂಗಳದ ಬೇವಿನ ಮರದಡಿ ಮೂರು ಸ್ಮಾರಕಗಳಿದ್ದವು: ತಲೆ ಮುರಿದ ವೀರಗಲ್ಲು, ಅಕ್ಷರ ಸವೆದ ಶಾಸನ, ಮತ್ತು ಗಂಡನ ಹಿಂದೆ ಬೆಂಕಿಗಿಳಿದವಳ ನೆನಪಿನ ಒಂದು ಮಾಸ್ತಿಗಲ್ಲು. ‘ಸಂರಕ್ಷಿತ’ ಎಂದು ಸಾರುವ ತುಕ್ಕು ಹಿಡಿದ ಫಲಕವೇ ಅವೆಲ್ಲಕ್ಕಿಂತ ಪುರಾತನವಾಗಿ ಕಾಣುತ್ತಿತ್ತು. ಮಾಸ್ತಿಗಲ್ಲಿನ ಕಂಬದಿಂದ ಬಳೆ ತೊಟ್ಟ ಒಂದು ತೋಳು ಹೊರಚಾಚಿ, ಅಂಗೈ ಎತ್ತಿ ನಿಂತಿತ್ತು. ಕ್ರಾಂತಿ ಕಟ್ಟೆಯ ಮೇಲೆ ಕುಳಿತು ಚೀಲವನ್ನು ಆ ತೋಳಿಗೇ ನೇತುಹಾಕಿದಳು.

ಜವಾನ ಹುಲುಗಪ್ಪ ಓಡಿಬಂದ.

“ತಂಗಿ, ಚೀಲ ತಗೀರಿ. ಕುಂದುರ್ರಿ, ಉಣ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆಕಿ ಅಂಗೈ ಮ್ಯಾಲೆ ಅಂಗೈ ಇಟ್ಟು ಏನೂ ಮಾತಾಡಬ್ಯಾಡ್ರಿ.”

“ಮಾತಾಡಿದ್ರ?”

“ಸುಳ್ಳಾದ್ರ ಆ ಸುಳ್ಳೊಂದ ಬಾಯಾಗ ಉಳಿತೈತಿ. ಬ್ಯಾರೆ ಮಾತು ಉಳಿಯಂಗಿಲ್ಲ. ಹಿಂದ ಒಬ್ಬ ಶಾನುಭೋಗನ ಸುಳ್ಳಿಗೆ ಈಕಿ ಗಂಡನ ತಲಿ ಹೋತಂತ. ಬೆಂಕಿ ಕೊಂಡಕ್ಕ ಇಳಿಯೋಕಿಂತ ಮುಂಚೆ ಮಂತ್ರಗಾರನ್ನ ಕರಸಿ, ಈ ಕಲ್ಲು ನಿಲ್ಲೋ ಜಾಗದಾಗ ಮಾಟ ಹೂಳಿಸ್ಯಾಳ.”

“ಕಾಕಾ, ನನಗೂ ಒಂದು ಕೈ ಹೆಚ್ಚಿಗಿ ಬೇಕಾಗಿತ್ತು ನೋಡು, ಫೈಲು ಅಷ್ಟು ಅದಾವು. ಈಕಿನ್ನ ನನ್ನ ಸೆಕ್ಷನ್ನಿಗೆ ಹಾಕಿಸ್ಕಂತೀನಿ ತಗ.”

ಹಿಂದಿನಿಂದ ಒಂದು ನಗು ಕೇಳಿಸಿತು. ಹಿರಿಯ ಗುಮಾಸ್ತ ಪ್ರವೀಣಕುಮಾರ್ ತನ್ನ ಡಬ್ಬಿ ಹಿಡಿದು ದಾಖಲೆ ಕೋಣೆಯಿಂದ ಎದ್ದು ಬಂದಿದ್ದ. “ಈ ಹುಲುಗಪ್ಪನ ಮಾತು ಕೇಳಿದ್ರ ಆಫೀಸಿಗೆ ಬೀಗ ಹಾಕಿ ಗುಡಿ ಮಾಡಬೇಕಾಕ್ಕತಿ. ನೀ ಉಣ್ಣವ್ವ. ಸರ್ ಅನಬ್ಯಾಡ, ಅಣ್ಣ ಅನ್ನು.”

ಅಂದಿನಿಂದ ನಾಲ್ಕು ತಿಂಗಳು ಅವನು ದಿನವೂ ಬಂದ. ಅವಳು ಕಟ್ಟೆಯ ಮೇಲೆ, ಅವನು ಎದುರಿಗೆ ನಿಂತು. ದೇವರನ್ನು, ಜಾತಿಯನ್ನು, ಸಾಹೇಬರ ಪಂಚಾಂಗವನ್ನು ಇಬ್ಬರೂ ಸೇರಿ ಗೇಲಿ ಮಾಡಿದರು. ಇಡೀ ಕಚೇರಿಯಲ್ಲಿ ಅವಳ ಜೊತೆ ಉಂಡವನು ಅವನೊಬ್ಬನೇ. ಅಪ್ಪನಿಗೂ ಹೇಳದ ಮಾತುಗಳನ್ನು ಅವಳು ಅವನಿಗೆ ಹೇಳಿದ್ದಳು.

ಒಂದು ಸೋಮವಾರ ನಾಗಲಿಂಗಮ್ಮ ಎಂಬ ಮುದುಕಿ ಬಂದಳು. ನಲವತ್ತು ವರ್ಷದಿಂದ ವಾಸವಿದ್ದ ಜಾಗದ ಹಕ್ಕುಪತ್ರಕ್ಕೆ ಎರಡು ತಿಂಗಳ ಹಿಂದೆ ಅರ್ಜಿ ಕೊಟ್ಟಿದ್ದಳಂತೆ. ಬಂದ ಅರ್ಜಿಗಳನ್ನು ಕ್ರಾಂತಿ ದಾಖಲಿಸುತ್ತಿದ್ದ ವಹಿಯಲ್ಲಿ ಆ ಹೆಸರೇ ಇರಲಿಲ್ಲ. ಮುದುಕಿ ಅಂಗಳದಲ್ಲಿ ನಿಂತು ಕೂಗಿದಳು: “ಈ ಕೈಲೆ ಕೊಟ್ಟೀನಿ! ಬಂದಿಲ್ಲ ಅನ್ನೋರು ಮಾಸ್ತಿ ಮುಂದ ಬಂದು ಅನ್ರಿ, ನಾ ಸುಮ್ಮನ ಹೋಗ್ತೀನಿ.”

ಜನ ಕೂಡಿದರು. ಗುಮಾಸ್ತರಿಗೆಲ್ಲ ಇದ್ದಕ್ಕಿದ್ದಂತೆ ಫೈಲುಗಳ ಮೇಲೆ ಪ್ರೀತಿ ಹುಟ್ಟಿತು. ಯಾರೂ ತಲೆ ಎತ್ತಲಿಲ್ಲ.

ಪ್ರವೀಣಕುಮಾರ್ ಕ್ರಾಂತಿಯ ಮೇಜಿನ ಬಳಿ ಬಗ್ಗಿದ. “ಎರಡು ಸಲ ಕಪಾಟೆಲ್ಲ ಹುಡುಕೀನಿ ತಂಗಿ. ಅರ್ಜಿ ಬಂದಿಲ್ಲ. ನಿನ್ನಂಥಾಕಿ ಹೋಗಿ ಕೈ ಇಟ್ರ ಈ ಕಲ್ಲಿನ ಅಂಜಿಕಿ ಇವತ್ತಿಗೇ ಮುಗೀತೈತಿ.”

“ಖರೇ ಬಂದಿಲ್ಲೇನಣ್ಣ?”

“ನನ್ನ ಮ್ಯಾಲೆ ನಂಬಿಕಿ ಇಲ್ಲೇನು?”

ದೇವರನ್ನೂ ನಂಬದ ಹುಡುಗಿ ಅವನೊಬ್ಬನನ್ನು ನಂಬಿದ್ದಳು. ಎದ್ದು ಹೋದಳು.

ನೆತ್ತಿ ಸುಡುವ ಬಿಸಿಲು. ಕಾದಿರಬೇಕಾಗಿದ್ದ ಕಲ್ಲು ತಣ್ಣಗಿತ್ತು; ಒರತೆ ನೀರಿನ ಗಡಿಗೆಯೊಳಗೆ ಕೈ ಇಳಿಬಿಟ್ಟಂತೆ. ಹರಳೆಣ್ಣೆಯ ಕಮಟು, ಅದರಡಿ ಸುಟ್ಟ ಕೂದಲಿನ ವಾಸನೆ. ಅಂಗೈಗೆ ಅಂಗೈ ಒತ್ತಿ ಅವಳು ಗಟ್ಟಿಯಾಗಿ ಹೇಳಿದಳು:

“ನಾಗಲಿಂಗಮ್ಮನ ಅರ್ಜಿ ಬಂದಿಲ್ಲ.”

ಬೇವಿನ ಮರದ ಕಾಗೆಗಳು ಸುಮ್ಮನಾದವು. ಎಲ್ಲೋ ಒಳಗೆ, ಬಲು ಆಳದಲ್ಲಿ, ಬಳೆ ಸದ್ದಾಯಿತು. ಕಲ್ಲಿನ ಅಂಗೈ ಬೆವರಿತು.

ನಾಗಲಿಂಗಮ್ಮ ಅವಳ ಮುಖವನ್ನೇ ನೋಡಿದಳು. “ಯಾರ ಮಾತು ಆಡಿದೆವ್ವ ನೀನು?” ಎಂದಳು, ಸಿಟ್ಟಿಲ್ಲದೆ.

‘ಏನೂ ಆಗಲಿಲ್ಲ ನೋಡ್ರಿ’ ಎನ್ನಲು ಕ್ರಾಂತಿ ಬಾಯಿ ತೆರೆದಳು.

“ಬಂದಿಲ್ಲ.”

ನಕ್ಕಳು. ಮತ್ತೆ ಬಾಯಿ ತೆರೆದಳು.

“ಬಂದಿಲ್ಲ.”

ನಗು ನಿಂತಿತು. ನಾಲಿಗೆಯ ಮೇಲೆ ಬೂದಿಯ ರುಚಿ. ಅಪ್ಪನ ಹೆಸರು ಕೂಗಿ ನೋಡಿದಳು. “ಬಂದಿಲ್ಲ.” ತನ್ನ ಹೆಸರು. “ಬಂದಿಲ್ಲ.” ಜನ ಹಿಂದೆ ಸರಿದರು. ಅವಳು ಓಡಿದಳು. ಪಡಸಾಲೆ. ಬಾಗಿಲು. ಅಣ್ಣನ ಮೇಜು.

ಪ್ರವೀಣಕುಮಾರ್ ಕೆಳಗಿನ ಖಾನೆಯಿಂದ ಎರಡು ಹಾಳೆ ತೆಗೆದು ಕೈಚೀಲಕ್ಕೆ ತುರುಕುತ್ತಿದ್ದ. ಒಂದರ ಮೇಲೆ ನಾಗಲಿಂಗಮ್ಮನ ಹೆಬ್ಬೆಟ್ಟು, ಕಚೇರಿಯ ಸ್ವೀಕೃತಿ ಮುದ್ರೆ. ಇನ್ನೊಂದರಲ್ಲಿ ಅದೇ ಜಾಗವನ್ನು ತನಗೆ ಕೊಡಬೇಕೆಂದು ಅವನ ಹೆಂಡತಿಯ ತಮ್ಮ ಗಂಗಾಧರ್ ಕೇಳಿದ್ದ. ಕ್ರಾಂತಿ ಚೀಲಕ್ಕೆ ಕೈ ಹಾಕಿದಳು. ಅವನು ಗೋಡೆಗೆ ಅಂಟಿಕೊಂಡ. ಮಡಚಿದ ಅಂಗಿತೋಳಿನ ಕೆಳಗೆ, ರಟ್ಟೆಯಲ್ಲಿ, ಕಪ್ಪು ದಾರದ ಹೊಸ ತಾಯತ ಕಂಡಿತು.

ನಾಲ್ಕು ತಿಂಗಳಲ್ಲಿ ಒಂದು ದಿನವೂ ಅವನು ಆ ಕಟ್ಟೆಯ ಮೇಲೆ ಕುಳಿತಿರಲಿಲ್ಲ.

“ಮುಟ್ಟಬ್ಯಾಡ! ಆ ಕೈಲೆ ನನ್ನ ಮುಟ್ಟಬ್ಯಾಡ!” ಅವನು ಕೈಚೀಲವನ್ನು ಎದೆಗೆ ಅಡ್ಡ ಹಿಡಿದ. “ನನಗ ಹೆಂಡ್ರು ಮಕ್ಕಳು ಅದಾರವ್ವ. ನೀ ನಂಬದಾಕಿ. ನಂಬದವರಿಗೆ ತಟ್ಟಂಗಿಲ್ಲ ಅಂದ್ಕಂಡಿದ್ದೆ.”

ಅವಳು ಹೆಬ್ಬೆಟ್ಟಿನ ಹಾಳೆ ಕಿತ್ತುಕೊಂಡಳು. ಗಂಗಾಧರನ ಅರ್ಜಿ ಪ್ರವೀಣಕುಮಾರನ ಜೇಬಿಗೆ ಹೋಯಿತು. ಸಾಹೇಬರ ಕೋಣೆಗೆ ನುಗ್ಗಿ ಹಾಳೆಯನ್ನು ಮುಂದಿಟ್ಟಳು.

“ಇದೇ ಅಲ್ಲೇನಮ್ಮ ಆ ಅರ್ಜಿ? ಎಲ್ಲಿತ್ತು?”

“ಬಂದಿಲ್ಲ.”

“ಕೈಯಾಗ ಹಿಡಕಂಡು ಬಂದಿಲ್ಲ ಅಂತೀಯಲ್ಲ!”

ಪೆನ್ನು ಎಳೆದುಕೊಂಡಳು. ಪ್ರವೀಣಕುಮಾರ್ ಎಂದು ಬರೆಯಹೊರಟಳು. ಬಲಗೈ ತಣ್ಣಗಾಯಿತು. ಬೆರಳು ತಾವಾಗಿ ಓಡಿದವು. ಬಂದಿಲ್ಲ. ಸಾಲು ತುಂಬಿತು. ಬಂದಿಲ್ಲ. ಪುಟ ತುಂಬಿತು. ನಿಲ್ಲಿಸಲಾಗಲಿಲ್ಲ. ಎಡಗೈಯಿಂದ ಬಲಗೈ ಹಿಡಿದಳು. ಪೆನ್ನು ಮುರಿಯಿತು.

ಬಾಗಿಲಲ್ಲಿ ಪ್ರವೀಣಕುಮಾರ್ ನಿಂತಿದ್ದ. ಅಂಗಿಯ ತೋಳನ್ನು ಇಳಿಸಿ ಗುಂಡಿ ಹಾಕಿಕೊಂಡಿದ್ದ. ದನಿಯಲ್ಲಿ ಮೊದಲಿನ ಅಕ್ಕರೆಯೇ ಇತ್ತು.

“ಆಕಿ ಖಾನೆದಾಗ ಇತ್ತು ಸರ್. ತಂಗಿ ಇದ್ದಂಗ ಅಂತ ನಾ ಬಾಯಿ ಬಿಟ್ಟಿರಲಿಲ್ಲ. ಏನ್ ಮಾಡೂದ್ರಿ, ಮಾಸ್ತಿ ಬಿಡಲಿಲ್ಲ.”

ಕ್ರಾಂತಿ ಅವನ ಹಿಂದೆ ಬಂದು ನಿಂತಿದ್ದ ಹುಲುಗಪ್ಪನ ಕಡೆ ತಿರುಗಿದಳು. ಹಾಳೆ ಯಾವ ಖಾನೆಯಿಂದ ಬಂತೆಂದು ಅವನು ಪಡಸಾಲೆಯಿಂದ ನೋಡಿದ್ದ. ನಿವೃತ್ತಿಗೆ ಇನ್ನು ಏಳು ತಿಂಗಳಿದ್ದ ಹುಲುಗಪ್ಪ ನೆಲ ನೋಡಿದ.

“ಖರೇ ಏನಮ್ಮ? ಇಲ್ಲ ಅನ್ನು, ಕೇಳ್ತೀನಿ,” ಎಂದರು ಸಾಹೇಬರು.

ಅವಳು ತುಟಿ ಕಚ್ಚಿ, ರಕ್ತ ಬರುವವರೆಗೆ ಕಚ್ಚಿ, ಬಾಯಿ ಮುಚ್ಚಿಕೊಂಡೇ ತಲೆ ಅಲ್ಲಾಡಿಸಿದಳು. ಸಾಹೇಬರು ಅದನ್ನು ಗಮನಿಸಲಿಲ್ಲ. ಆಗಲೇ ಟಿಪ್ಪಣಿ ಬರೆಯತೊಡಗಿದ್ದರು.

ಹದಿನೈದು ದಿನದಲ್ಲಿ ನಾಗಲಿಂಗಮ್ಮನಿಗೆ ಹಕ್ಕುಪತ್ರ ಸಿಕ್ಕಿತು. ಪರೀಕ್ಷಾರ್ಥ ಅವಧಿಯಲ್ಲಿದ್ದ ಕ್ರಾಂತಿಯನ್ನು ಕೆಲಸದಿಂದ ತೆಗೆದರು. ಪ್ರವೀಣಕುಮಾರ್ ಬಡ್ತಿ ಪಡೆದು ಹರಪನಹಳ್ಳಿಗೆ ಹೋದ.